ನಾಲ್ಕು ಬೆರಳಗಲದ ಕುತ್ತಿಗೆ

ಜೂನ್ 9, ಸೋಮವಾರ

ಮೊಮ್ಮಗಳ ಸ್ಕೂಲ್ ಅಂಗಿಯ ಮೇಲಿನ ಗುಂಡಿ ಇವತ್ತೂ ಹಾಕಲಾಗಲಿಲ್ಲ. ಆರು ವರ್ಷದ ಮಗುವಿನ ಕುತ್ತಿಗೆ ಎಷ್ಟಿದ್ದೀತು, ನನ್ನ ನಾಲ್ಕು ಬೆರಳು ಅಡ್ಡ ಇಟ್ಟರೆ ಮುಗಿಯಿತು. ಅಷ್ಟು ಜಾಗದಲ್ಲೇ ಎಡಗಡೆ, ದವಡೆಯ ಕೆಳಗೆ, ಒಂದು ಗಂಟು ಬಂದು ಕೂತಿದೆ. ನೋವಿಲ್ಲ, ಜ್ವರವಿಲ್ಲ. ಬೀದಿ ತುದಿಯ ಡಾಕ್ಟರು ‘ಗ್ರಂಥಿ ಊದಿದೆ, ಇಳಿಯುತ್ತೆ’ ಎಂದು ಎರಡು ಸಲ ಔಷಧಿ ಕೊಟ್ಟರು. ಸೀಸೆಯಲ್ಲಿದ್ದ ಔಷಧಿ ಇಳಿಯಿತು, ಗಂಟು ಇಳಿಯಲಿಲ್ಲ. ಇವತ್ತು ಅವರೇ ಸ್ಕ್ಯಾನ್ ಮಾಡಿಸಿ, ಮುಖ ಸಪ್ಪಗೆ ಮಾಡಿಕೊಂಡು, ಮಕ್ಕಳ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅದಕ್ಕೇ ಈ ಬರವಣಿಗೆ ಮತ್ತೆ ಶುರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದ ಕಾಲದಲ್ಲಿ ದಿನವಿಡೀ ಬೇರೆಯವರ ಮಾತು ಕಿವಿಗೆ ಬೀಳುತ್ತಿತ್ತು, ಮನೆಗೆ ಬಂದು ನನ್ನ ಮಾತನ್ನು ಬರೆದು ಹಗುರಾಗುತ್ತಿದ್ದೆ. ಈಗ ನಿವೃತ್ತಿಯಾಗಿದೆ, ಆದರೆ ನನ್ನ ಮಾತು ಕೇಳುವವರು ಮನೆಯಲ್ಲಿ ಯಾರಿದ್ದಾರೆ? ಮಗ ಲಿಫ್ಟ್ ರಿಪೇರಿ ಮಾಡುವವನು, ಯಂತ್ರದ ಸದ್ದು ಬಿಟ್ಟು ಬೇರೇನೂ ಅವನ ಕಿವಿಗೆ ಹೋಗುವುದಿಲ್ಲ. ಸೊಸೆ ಬಣ್ಣದ ಅಂಗಡಿಯಲ್ಲಿ ಗಿರಾಕಿಗಳು ಕೇಳಿದ ಬಣ್ಣ ಬೆರೆಸಿಕೊಡುತ್ತಾಳೆ. ಬಾಯಿ ಬಿಟ್ಟರೆ ಮುತ್ತು ಉದುರಿಹೋದೀತು ಎನ್ನುವ ಹಾಗೆ ಇರುತ್ತಾಳೆ. ಎರಡು ಮಾತು ಕೇಳಿದರೆ ಅರ್ಧ ಉತ್ತರ.

ಇರುವವಳು ಮೊಮ್ಮಗಳೊಬ್ಬಳೇ. ಅವಳಿಗೆ ನಾನಿಟ್ಟ ಹೆಸರು ರೇಡಿಯೊ. ಎದ್ದಾಗ ಶುರುವಾದರೆ ನಿದ್ದೆ ಬರುವವರೆಗೆ ನಿಲ್ಲುವುದಿಲ್ಲ. ಈ ಗುಣ ನನ್ನದೇ. ಎಡಗಣ್ಣಿನ ರೆಪ್ಪೆ ಒಂಚೂರು ಇಳಿಬಿದ್ದು ಯಾವಾಗಲೂ ಅರೆನಿದ್ದೆಯಲ್ಲಿರುವಂತೆ ಕಾಣುವುದೂ ನನ್ನದೇ. ನನಗದು ಹುಟ್ಟಿನಿಂದ ಇದೆ, ಅವಳಿಗೆ ನಾಲ್ಕು ತುಂಬುವ ಹೊತ್ತಿಗೆ ಬಂತು. ನೆಂಟರೆಲ್ಲ ‘ಅಜ್ಜಿ ಕಣ್ಣು’ ಎಂದಾಗ ನಾನು ಬೀಗಿದ್ದು ಸುಳ್ಳಲ್ಲ.

ಜೂನ್ 12, ಗುರುವಾರ

ದೊಡ್ಡಾಸ್ಪತ್ರೆಗೆ ಹೋಗಿ ಬಂದೆವು. ಕುತ್ತಿಗೆಯ ಆಪರೇಷನ್ ಮಾಡುವ ಡಾಕ್ಟರು ಸಿಕ್ಕಿದರು. ಉದ್ದಕ್ಕೆ, ತೆಳ್ಳಗೆ, ಗಾಳಿ ಬೀಸಿದರೆ ಕಿಟಕಿಯಿಂದಾಚೆ ಹೋದಾರು ಅನ್ನಿಸುವಂಥವರು. ರೇಡಿಯೊ ಅವರ ಎದುರಿಗೇ ‘ಕಡ್ಡಿ ಡಾಕ್ಟರು’ ಎಂದುಬಿಟ್ಟಳು. ಮಗ ನಾಲಗೆ ಕಚ್ಚಿಕೊಂಡ. ಅವರು ಮಾತ್ರ, ‘ಹೌದು, ಅದಕ್ಕೇ ಸಣ್ಣ ಜಾಗದಲ್ಲಿ ಕೆಲಸ ಮಾಡೋಕೆ ನನ್ನ ಕರೀತಾರೆ’ ಎಂದರು. ನನಗೆ ಹಿಡಿಸಿದರು.

ಬೆರಳ ತುದಿಯಲ್ಲಿ ಗಂಟನ್ನು ಮುಟ್ಟಿ ನೋಡಿದರು. ಆಮೇಲೆ ಮಗುವಿನ ಮುಖವನ್ನೇ ನೋಡುತ್ತಾ, ‘ಈ ಕಣ್ಣು ಯಾವಾಗಿಂದ ಹೀಗಿದೆ?’ ಎಂದು ಕೇಳಿದರು.

ನಾವು ಮೂವರೂ ನಕ್ಕೆವು. ನಾನು ಕನ್ನಡಕ ತೆಗೆದು, ‘ಒರಿಜಿನಲ್ ಇಲ್ಲಿದೆ ಡಾಕ್ಟ್ರೇ, ಅವಳದು ಕಾಪಿ’ ಎಂದೆ. ಅವರೂ ನಕ್ಕರು. ‘ಓ, ಮನೆತನದ್ದಾ’ ಎಂದು ಬರೆದುಕೊಂಡರು. ಗ್ರಂಥಿ ಇರಬಹುದು, ಇಪ್ಪತ್ತನೇ ತಾರೀಕು ಶುಕ್ರವಾರ ಚಿಕ್ಕದೊಂದು ಆಪರೇಷನ್ ಮಾಡಿ ತೆಗೆದುಬಿಡೋಣ, ಸಂಜೆಯೇ ಮನೆಗೆ ಹೋಗಬಹುದು ಎಂದರು. ದೊಡ್ಡಾಸ್ಪತ್ರೆ ಎಂದು ನಾವು ಸುಮ್ಮನೆ ಹೆದರಿದ್ದೆವು. ಬರುವಾಗ ಬಸ್ಸಿನಲ್ಲಿ ಸೊಸೆ ಒಂದು ಮಾತೂ ಆಡಲಿಲ್ಲ. ಸಂತೋಷವನ್ನಾದರೂ ಬಾಯಿ ಬಿಟ್ಟು ಹೇಳಬಾರದೆ?

ಜೂನ್ 17, ಮಂಗಳವಾರ

ಆಪರೇಷನ್ನಿಗೆ ಮುಂಚೆ ರಕ್ತಪರೀಕ್ಷೆ. ಸೂಜಿ ಕಂಡದ್ದೇ ತಡ, ರೇಡಿಯೊ ಆಸ್ಪತ್ರೆಯ ಛಾವಣಿ ಹಾರಿಹೋಗುವಂತೆ ಅತ್ತಳು. ನಾನು ಸಮಾಧಾನ ಮಾಡುತ್ತಿದ್ದೆ. ಸೊಸೆ ದೂರ ನಿಂತು ಮಗುವಿನ ಮುಖವನ್ನೇ ನೋಡುತ್ತಿದ್ದಳು, ಎತ್ತಿಕೊಳ್ಳಲೂ ಬರಲಿಲ್ಲ. ನನಗೆ ಸಿಟ್ಟು ಬಂತು.

‘ಅತ್ತೆ, ಕೆಂಪು ಒಂದೇ ಕಡೆ ಇದೆ’ ಎಂದಳು.

ನೋಡಿದೆ. ಅತ್ತು ಅತ್ತು ಮಗುವಿನ ಬಲಗೆನ್ನೆ ಟೊಮೆಟೊ ಹಣ್ಣಿನ ಹಾಗಾಗಿತ್ತು. ಎಡಗೆನ್ನೆ ಬೆಳ್ಳಗೆ, ತಣ್ಣಗೆ, ಈಗಷ್ಟೇ ನಿದ್ದೆಯಿಂದೆದ್ದ ಹಾಗಿತ್ತು. ‘ಒಂದೇ ಕಡೆ ಪೌಡರ್ ಬಳಿದಿದ್ದೀಯಾ?’ ಎಂದು ಗದರಿದೆ. ಅವಳು ಕರ್ಚೀಫು ಒದ್ದೆ ಮಾಡಿ ಒರೆಸಿ ತೋರಿಸಿದಳು. ಬಟ್ಟೆಗೆ ಏನೂ ಅಂಟಲಿಲ್ಲ.

ಮನೆಗೆ ಬಂದ ಮೇಲೆ ಅವಳೇ ಮಗುವಿಗೆ ಹಗ್ಗ ಕೊಟ್ಟು ಅಂಗಳದಲ್ಲಿ ಕುಣಿಸಿದಳು. ಕುಣಿದು ಕುಣಿದು ಏದುಸಿರು ಬಿಡುವಾಗ ಹತ್ತಿರ ಕರೆದಳು. ಹಣೆಯ ನಡುವಿನಿಂದ ಮೂಗಿನ ಮೇಲೆ ಹಾದು ಗಲ್ಲದವರೆಗೆ ಒಂದು ಗೆರೆ. ಗೆರೆಯ ಬಲಕ್ಕೆ ಕೆಂಪು, ಬೆವರು. ಎಡಕ್ಕೆ ಒಂದು ಹನಿ ಬೆವರಿಲ್ಲ. ‘ಗೋಡೆಗೆ ಟೇಪ್ ಅಂಟಿಸಿ ಬಣ್ಣ ಹೊಡೆದ ಹಾಗಿದೆ’ ಎಂದಳು ಸೊಸೆ. ಬಣ್ಣದ ಗೆರೆ ಅಷ್ಟು ನೇರ ಬರಬೇಕಾದರೆ ಯಾರೋ ಟೇಪ್ ಹಾಕಿಯೇ ಇರಬೇಕಂತೆ, ತಾನಾಗಿ ಬರುವುದಿಲ್ಲವಂತೆ.

ಕೆಂಪಾಗದ ಕಡೆಯೇ ಗಂಟಿದೆ. ಆ ಕಡೆಯೇ ಇಳಿಬಿದ್ದ ಕಣ್ಣೂ ಇದೆ. ನನ್ನ ಮುಖ ಕನ್ನಡಿಯಲ್ಲಿ ನೋಡಿಕೊಂಡೆ. ಈ ವಯಸ್ಸಿನಲ್ಲಿ ಹಗ್ಗ ಕುಣಿಯಲಾರೆ, ಆದರೆ ಅಡುಗೆಮನೆಯ ಸೆಕೆಗೆ ನನಗೆ ಎರಡೂ ಕಡೆ ಬೆವರುತ್ತದೆ. ಅಂದರೆ ಡಾಕ್ಟರಿಗೆ ನಾನು ಹೇಳಿದ ಉತ್ತರ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ‘ನೀನೇ ಹೋಗಿ ಹೇಳು, ಕಂಡದ್ದು ನೀನು’ ಎಂದೆ. ‘ಕಣ್ಣು ನಿಮ್ಮದು ಅಂತ ಬರೆದುಕೊಂಡಿದ್ದಾರೆ. ಅಲ್ಲ ಅಂತ ನೀವೇ ಹೇಳಬೇಕು, ಅತ್ತೆ’ ಎಂದಳು. ಅವಳು ಇಷ್ಟುದ್ದ ಮಾತಾಡಿದ್ದು ನಾನು ಕೇಳಿದ್ದೇ ಕಡಿಮೆ.

ಜೂನ್ 18, ಬುಧವಾರ

ಕರೆಯದೆ, ಚೀಟಿಯಿಲ್ಲದೆ ಹೋಗಿ ಕಡ್ಡಿ ಡಾಕ್ಟರ ಕೋಣೆಯ ಬಾಗಿಲಲ್ಲಿ ಕೂತೆವು. ಒಳಗೆ ಕರೆದಾಗ, ‘ಡಾಕ್ಟ್ರೇ, ಅವತ್ತು ನಾನು ಹೇಳಿದ್ದು ಸರಿ ಇಲ್ಲ ಅನ್ಸುತ್ತೆ. ಆ ಕಣ್ಣು ನನ್ನದಲ್ಲ’ ಎಂದೆ. ಹೇಳಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡೆ. ಯಾಕೆ ಎಂದು ಈಗಲೂ ಗೊತ್ತಿಲ್ಲ. ಬಿಟ್ಟುಕೊಡಬೇಕಾಗಿದ್ದದ್ದು ಒಂದು ಜೋಲು ರೆಪ್ಪೆ ತಾನೇ.

ಸೊಸೆ ಮಗುವನ್ನು ಮೆಟ್ಟಿಲ ಮೇಲೆ ನಾಲ್ಕಾರು ಸಲ ಹತ್ತಿಳಿಸಿ ಕರೆತಂದಳು. ಡಾಕ್ಟರು ಮುಖ ನೋಡಿದರು. ನಗುವುದನ್ನು ನಿಲ್ಲಿಸಿದರು. ಎದ್ದು ಹೋಗಿ ದೀಪ ಆರಿಸಿ, ಪರದೆ ಎಳೆದು, ಸಣ್ಣ ಟಾರ್ಚಿನಿಂದ ಅವಳ ಎರಡೂ ಕಣ್ಣು ನೋಡಿದರು. ‘ನೀವೂ ನೋಡಿ’ ಎಂದು ನಮ್ಮನ್ನು ಕರೆದರು. ಕತ್ತಲಲ್ಲಿ ಬಲಗಣ್ಣಿನ ಪಾಪೆ ದೊಡ್ಡದಾಗಿ ಅರಳಿತ್ತು. ಎಡಗಣ್ಣಿನದು ಸಾಸಿವೆ ಕಾಳಿನಷ್ಟೇ ಉಳಿದಿತ್ತು. ಆಮೇಲೆ ನನ್ನ ಕಣ್ಣಿಗೂ ಟಾರ್ಚು ಹಿಡಿದರು. ನನ್ನವು ಎರಡೂ ಒಂದೇ ಸಮ.

‘ನಿಮ್ಮದು ರೆಪ್ಪೆಯ ಸ್ನಾಯು ಸಡಿಲ, ಅಜ್ಜಿ. ಅವಳದು ಹಾಗಲ್ಲ. ಒಂದು ನರ ಕೆಲಸ ನಿಲ್ಲಿಸಿದೆ’ ಎಂದರು. ಕಾಗದ ತೆಗೆದು ಮಗುವಿನ ಕುತ್ತಿಗೆಯ ಚಿತ್ರ ಬರೆದರು. ಆ ನಾಲ್ಕು ಬೆರಳಗಲದಲ್ಲಿ ಉಸಿರಿನ ನಳಿಕೆ, ಅನ್ನದ ನಳಿಕೆ, ತಲೆಗೆ ರಕ್ತ ಒಯ್ಯುವ ದೊಡ್ಡ ನಾಳ, ತಿರುಗಿ ತರುವ ನಾಳ. ಅವುಗಳ ಸಂದಿಯಲ್ಲಿ ಕೂದಲಿನಂಥ ಒಂದು ಗೆರೆ. ಕಣ್ಣಿನ ಪಾಪೆ ಅರಳಿಸುವುದು, ರೆಪ್ಪೆ ಎತ್ತಿ ಹಿಡಿಯುವುದು, ಕೆನ್ನೆ ಕೆಂಪಾಗಿಸುವುದು, ಬೆವರಿಸುವುದು ಎಲ್ಲ ಅದರದೇ ಕೆಲಸವಂತೆ. ಮಿದುಳಿನಿಂದ ಹೊರಟರೆ ಕಣ್ಣು ಎಷ್ಟು ದೂರ? ಒಂದು ಗೇಣೂ ಇಲ್ಲ. ಆದರೆ ಈ ಗೆರೆ ಬೆನ್ನೊಳಗೆ ಇಳಿದು, ಎದೆಯವರೆಗೆ ಹೋಗಿ, ಅಲ್ಲಿಂದ ತಿರುಗಿ ಕುತ್ತಿಗೆ ಹತ್ತಿ ಕಣ್ಣಿಗೆ ಬರುತ್ತದೆ.

ನನಗೆ ಮೈ ಜುಮ್ಮೆಂದಿತು. ನಮ್ಮ ಎಕ್ಸ್‌ಚೇಂಜಿನಲ್ಲೂ ಹೀಗೇ ಇತ್ತು. ಹೊಳೆಯ ಈಚೆ ದಡದಿಂದ ಆಚೆ ದಡಕ್ಕೆ ಮಾತಾಡಬೇಕೆಂದರೆ ಕರೆ ದೂರದ ಪಟ್ಟಣಕ್ಕೆ ಹೋಗಿ ತಿರುಗಿ ಬರಬೇಕಿತ್ತು. ಎಲ್ಲೋ ದಾರಿಯಲ್ಲಿ ತಂತಿ ತುಂಡಾದರೆ ಎದುರುಬದುರು ಮನೆಯವರಿಗೆ ಮಾತಿಲ್ಲ. ‘ಅಂದ್ರೆ ಕಣ್ಣಿಗೇನೂ ಆಗಿಲ್ಲ, ಲೈನು ಕುತ್ತಿಗೇಲಿ ಕೆಟ್ಟಿದೆ’ ಎಂದೆ. ‘ಗಂಟು ಆ ಲೈನಿನ ಮೇಲೇ ಹುಟ್ಟಿರಬೇಕು’ ಎಂದರು ಡಾಕ್ಟರು.

ಶುಕ್ರವಾರದ ಆಪರೇಷನ್ ರದ್ದು. ಗ್ರಂಥಿ ಅಂದುಕೊಂಡು ಕೈ ಹಾಕಿದ್ದರೆ ಏನಾಗುತ್ತಿತ್ತೋ ಎಂದು ಸೊಸೆ ಕೇಳಿದಳು. ಅವರು, ‘ಕೇಳಿದ ಪ್ರಶ್ನೆಗೆ ನಗುವಿನ ಉತ್ತರ ಸಿಕ್ಕಿದಾಗ ನಾನು ಅಲ್ಲಿಗೇ ಬಿಡಬಾರದಿತ್ತು. ಅದು ನನ್ನ ತಪ್ಪು’ ಎಂದರು. ಡಾಕ್ಟರೊಬ್ಬರು ಹಾಗೆ ಹೇಳಿದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ.

ಜೂನ್ 21, ಶನಿವಾರ

ಇಂಥ ಗಂಟು ರಕ್ತಕ್ಕೆ ಒಂದು ರಸ ಬಿಡುತ್ತದಂತೆ, ಅದು ಮೂತ್ರದಲ್ಲಿ ಸಿಗುತ್ತದಂತೆ. ಒಂದಿಡೀ ದಿನದ್ದನ್ನು ಡಬ್ಬದಲ್ಲಿ ಹಿಡಿದು, ತಣ್ಣಗಿಟ್ಟು ಕೊಡಬೇಕು. ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಅದು ಕೂತಿತ್ತು. ರೇಡಿಯೊ ಮನೆಗೆ ಬಂದವರಿಗೆಲ್ಲ, ಗ್ಯಾಸಿನವನಿಗೂ, ಬಾಗಿಲು ತೆರೆದು ತೋರಿಸಿದಳು. ನಾನು ನಕ್ಕೆ. ಸೊಸೆಯೂ ನಕ್ಕಳು, ಆಮೇಲೆ ಫ್ರಿಜ್ಜಿನ ಬಾಗಿಲಿಗೆ ಹಣೆ ಒತ್ತಿ ನಿಂತಳು. ನಾನು ನೋಡದವಳಂತೆ ಈಚೆ ಬಂದೆ.

ಜೂನ್ 27, ಶುಕ್ರವಾರ

ದೊಡ್ಡ ಸ್ಕ್ಯಾನು. ಮಗುವಿಗೆ ನಿದ್ದೆ ಬರಿಸಿ ಸುರಂಗದಂಥ ಯಂತ್ರದೊಳಗೆ ಮಲಗಿಸಿದರು. ಮಗ ಹೊರಗೆ ನಿಂತು ಆಸ್ಪತ್ರೆಯ ಲಿಫ್ಟನ್ನು ಬೈಯುತ್ತಿದ್ದ. ‘ಮೂರನೇ ಮಹಡಿಯಲ್ಲಿ ಕಿರ್ ಅನ್ನುತ್ತೆ, ಯಾರೂ ಎಣ್ಣೆ ಹಾಕಿಲ್ಲ’ ಎಂದು ಮತ್ತೆ ಮತ್ತೆ ಹೇಳಿದ. ಅವನ ಹೆದರಿಕೆಗೆ ಬೇರೆ ದಾರಿ ಸಿಗಲಿಲ್ಲ, ಪಾಪ.

ಡಾಕ್ಟರು ಪರದೆಯ ಮೇಲೆ ಚಿತ್ರ ತೋರಿಸಿದರು. ಮಗುವಿನ ಕುತ್ತಿಗೆಯನ್ನು ಹಾಳೆ ಹಾಳೆಯಾಗಿ ಬಿಡಿಸಿಟ್ಟ ಹಾಗಿತ್ತು. ಪ್ರತಿ ಹಾಳೆಯಲ್ಲೂ ಕಪ್ಪು ಬಿಳುಪಿನ ಸಣ್ಣ ಸಣ್ಣ ವೃತ್ತಗಳು, ಒಂದರ ಪಕ್ಕ ಒಂದು, ಒತ್ತಾಗಿ, ಆದರೆ ಯಾವುದೂ ಇನ್ನೊಂದರ ಜಾಗ ತುಳಿಯದೆ. ನಾವು ಇದೇ ಕುತ್ತಿಗೆಗೆ ಸರ ಹಾಕುತ್ತೇವೆ, ಕಚಗುಳಿ ಇಡುತ್ತೇವೆ, ಕೊಳೆ ಉಜ್ಜಿಕೊಳ್ಳಲಿಲ್ಲ ಎಂದು ಬೈಯುತ್ತೇವೆ. ಒಳಗೆ ಇಷ್ಟು ಇದೆ ಎಂದು ಯಾರು ಕಂಡಿದ್ದರು? ಗಂಟು ಅವುಗಳ ನಡುವೆ ಕೂತು ದೊಡ್ಡ ರಕ್ತನಾಳವನ್ನು ಅರ್ಧ ಅಪ್ಪಿಕೊಂಡಿತ್ತು. ಕೆಟ್ಟದ್ದು ಎಂದು ಗೊತ್ತು. ಆದರೂ ಕಣ್ಣು ಕೀಳಲಾಗಲಿಲ್ಲ.

ಜುಲೈ 4, ಶುಕ್ರವಾರ

ಮಂಗಳವಾರ ಗಂಟಿನಿಂದ ಸೂಜಿಯಲ್ಲಿ ತೆಗೆದ ಚೂರಿನ ಫಲಿತಾಂಶ ಬಂತು. ಕ್ಯಾನ್ಸರ್.

ಅದರ ಪೂರ್ತಿ ಹೆಸರು ಉದ್ದವಿದೆ. ಇಲ್ಲಿ ಬರೆಯುವುದಿಲ್ಲ, ಈ ಪುಸ್ತಕದಲ್ಲಿ ಅದಕ್ಕೆ ಜಾಗ ಕೊಡಲಾರೆ. ಹೇಳಿದವರು ಮಕ್ಕಳ ಕ್ಯಾನ್ಸರ್ ನೋಡುವ ಡಾಕ್ಟರಮ್ಮ. ನನ್ನ ವಯಸ್ಸಿಗೆ ಹತ್ತಿರದವರು, ಕಾಲಿಗೆ ಬೂಟು, ಜೇಬಿನಲ್ಲಿ ಮಕ್ಕಳಿಗೆಂದು ಸ್ಟಿಕರು. ಹೊಟ್ಟೆಯಲ್ಲಾದರೆ ಇದನ್ನು ಆಗಾಗ ನೋಡುತ್ತಾರಂತೆ, ಕುತ್ತಿಗೆಯಲ್ಲಿ ಬಲು ಅಪರೂಪವಂತೆ. ‘ಮಗು ಹೊಟ್ಟೇಲಿರುವಾಗ ಕೆಲವು ಜೀವಕೋಶಗಳು ನರ ಆಗೋಕೆ ಅಂತ ಹೊರಡ್ತವೆ. ಎಲ್ಲವೂ ಬೆಳೆದು ದೊಡ್ಡವಾಗ್ತವೆ. ಇವು ಬೆಳೆಯೋದನ್ನ ಮರೆತವು. ಮರಿಯಾಗೇ ಉಳಿದು ಮರಿ ಹಾಕ್ತಾ ಕೂತವು’ ಎಂದರು.

ಬೇರೆಲ್ಲೂ ಹರಡಿಲ್ಲ. ಮೊದಲು ಕೆಲವು ಸುತ್ತು ಔಷಧಿ ಕೊಟ್ಟು ಗಂಟನ್ನು ಚಿಕ್ಕದು ಮಾಡುವುದು, ಆಮೇಲೆ ಕಡ್ಡಿ ಡಾಕ್ಟರು ತೆಗೆಯುವುದು. ‘ಇಂಥ ಮಕ್ಕಳಲ್ಲಿ ಹೆಚ್ಚಿನವರು ಉಳಿಯುತ್ತಾರೆ’ ಎಂದರು. ಹೆಚ್ಚಿನವರು ಎಂಬ ಮಾತಿನ ಒಳಗೆ ಉಳಿಯದವರೂ ಇರುತ್ತಾರಲ್ಲ. ಮಗ ತಲೆ ತಗ್ಗಿಸಿದ. ಸೊಸೆ ಕೇಳಿದ್ದು ಒಂದೇ ಪ್ರಶ್ನೆ. ‘ಅವಳ ಮಾತು?’

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡು, ಧ್ವನಿಯ ನರವೂ ಅಲ್ಲೇ ಹಾದುಹೋಗುತ್ತದೆ, ಆಪರೇಷನ್ ದಿನ ನೋಡಬೇಕು ಎಂದರು. ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಮಾತಿನ ಜಂಭ ನನ್ನದು, ಮಾತಿನ ಚಿಂತೆ ಅವಳದು.

ಜುಲೈ 10, ಗುರುವಾರ

ಮೊದಲ ಸುತ್ತಿನ ಔಷಧಿ ಹೋಯಿತು. ಮಗು ವಾಂತಿ ಮಾಡಿತು. ಬರೆಯಲು ಮನಸ್ಸಿಲ್ಲ.

ಜುಲೈ 30, ಬುಧವಾರ

ಕೂದಲು ದಿಂಬಿನ ಮೇಲೆ ಉಳಿಯತೊಡಗಿದೆ. ಸೊಸೆ ಬಣ್ಣದಂಗಡಿಯಿಂದ ಅಗಲವಾದ ಮೆತ್ತನೆಯ ಬ್ರಷ್ಷು ತಂದಿದ್ದಾಳೆ. ಹೊಸದು. ದಿನಾ ಬೆಳಿಗ್ಗೆ ಮಗು ಏಳುವ ಮುಂಚೆ ದಿಂಬನ್ನು ಅದರಿಂದ ಗುಡಿಸಿ ಬಿಡುತ್ತಾಳೆ.

ನಾನು ಮಗುವಿನ ಪಕ್ಕ ಕೂತು ಕಥೆ ಹೇಳುತ್ತಿದ್ದೆ, ಒಂದರ ಹಿಂದೆ ಒಂದು. ಅವಳು ಕಣ್ಣು ಮುಚ್ಚಿಕೊಂಡೇ, ‘ಅಜ್ಜಿ, ಸುಮ್ನೆ ಇರು. ಅಮ್ಮನ ಥರ ಇರು’ ಎಂದಳು. ನಾಲಿಗೆಗೆ ಬರೆ ಹಾಕಿದ ಹಾಗಾಯಿತು. ಎದ್ದು ಹೋಗೋಣ ಎಂದುಕೊಂಡೆ, ಆದರೆ ನನ್ನ ಕೈಬೆರಳು ಅವಳ ಹಿಡಿತದಲ್ಲಿತ್ತು. ಹಾಗೇ ಕೂತೆ. ಮಂಚದ ಆ ಬದಿಯಲ್ಲಿ ಸೊಸೆ ಕೂತಿದ್ದಳು. ಗೋಡೆಯ ಮೇಲೆ ಬಿಸಿಲು ಸರಿಯುವುದು ಕಾಣಿಸಿತು. ಮಗುವಿನ ಕುತ್ತಿಗೆಯ ಬಲಗಡೆ ನಾಡಿ ಮಿಡಿಯುವುದು ಕಾಣಿಸಿತು. ಸುಮ್ಮನಿರುವುದೂ ಒಂದು ಕೆಲಸವೇ. ಸೊಸೆಗೆ ಅದು ಚೆನ್ನಾಗಿ ಬರುತ್ತದೆ.

ಆಗಸ್ಟ್ 16, ಶನಿವಾರ

ಇವತ್ತು ಅಂಗಿಯ ಮೇಲಿನ ಗುಂಡಿ ಹಾಕಲು ಬಂತು. ಅದೇ ಹಳೆಯ ಅಂಗಿ. ಹಾಕಿ, ಬಿಚ್ಚಿ, ಮತ್ತೆ ಹಾಕಿದೆ. ‘ಅಜ್ಜಿ, ನಾನೇನು ಗೊಂಬೆನಾ?’ ಎಂದಳು. ಸೊಸೆಯನ್ನು ಕೂಗಿ ಕರೆದೆ, ಅವಳು ಬಂದು ತಾನೂ ಒಮ್ಮೆ ಬಿಚ್ಚಿ ಹಾಕಿದಳು. ಬಾಟಲಿಯ ನೀರಿನಂಥ ಔಷಧಿ ಎಲ್ಲೋ ಕೈಯ ರಕ್ತನಾಳದಿಂದ ಒಳಗೆ ಹೋಗುತ್ತದೆ, ಇಡೀ ಮೈ ಹುಡುಕಿಕೊಂಡು ಹೋಗಿ ಆ ಗಂಟನ್ನು ಹಿಡಿಯುತ್ತದೆ. ಇದನ್ನು ಕಂಡುಹಿಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಸೆಪ್ಟೆಂಬರ್ 22, ಸೋಮವಾರ

ಗುರುವಾರ ಆಪರೇಷನ್. ಕಡ್ಡಿ ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಗಂಟು ಹುಟ್ಟಿದ್ದೇ ಕಣ್ಣಿನ ಲೈನಿನ ಮೇಲೆ. ಹಾಗಾಗಿ ಆ ಲೈನು ಗಂಟಿನ ಜೊತೆ ಹೋಗುತ್ತದೆ, ರೆಪ್ಪೆ ಹೀಗೇ ಉಳಿಯುತ್ತದೆ. ಅದರಿಂದ ತೊಂದರೆಯಿಲ್ಲ. ಧ್ವನಿಯ ನರ ಮಾತ್ರ ಗಂಟಿಗೆ ಅಂಟಿಕೊಂಡಿದೆ, ಬಿಡಿಸಲು ಪ್ರಯತ್ನಿಸುತ್ತಾರೆ.

‘ಅದೂ ಸುತ್ತಿಕೊಂಡೇ ಬರುತ್ತಾ?’ ಎಂದು ಕೇಳಿದೆ. ಕಾಗದದ ಮೇಲೆ ತೋರಿಸಿದರು. ತಲೆಯಿಂದ ಹೊರಟು, ಗಂಟಲ ಪಕ್ಕದಲ್ಲೇ ಹಾದು, ಧ್ವನಿಪೆಟ್ಟಿಗೆಯನ್ನು ಮಾತಾಡಿಸದೆ ಎದೆಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ನಾಳದ ಕೆಳಗೆ ನುಸುಳಿ, ತಿರುಗಿ ಮೇಲೆ ಹತ್ತಿ ಗಂಟಲಿಗೆ ಬರುತ್ತದೆ. ‘ಈ ಲೈನು ಎಳೆದವನಿಗೆ ಅರ್ಜೆಂಟೇ ಇರಲಿಲ್ಲ ನೋಡಿ’ ಎಂದೆ. ಡಾಕ್ಟರು ಬಹಳ ಹೊತ್ತು ನಕ್ಕರು. ಎದ್ದು ಬರುವಾಗ ಅವರ ಕೈ ನೋಡಿದೆ. ಉದ್ದನೆಯ ತೆಳ್ಳನೆಯ ಬೆರಳುಗಳು, ಉಗುರು ಬುಡಕ್ಕೆ ಕತ್ತರಿಸಿದ್ದವು. ಮೂವತ್ತು ವರ್ಷ ನಾನೂ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ತಂತಿ ಚುಚ್ಚಿ ಕೀಳುವ ಕೆಲಸ ಮಾಡಿದವಳು. ತಪ್ಪು ತೂತಿಗೆ ಚುಚ್ಚಿದರೆ ‘ಕ್ಷಮಿಸಿ’ ಎಂದರೆ ಸಾಕಿತ್ತು.

ಸೆಪ್ಟೆಂಬರ್ 25, ಗುರುವಾರ

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚುವವರೆಗೂ ರೇಡಿಯೊ ಮಾತಾಡುತ್ತಲೇ ಇದ್ದಳು. ನಿದ್ದೆ ಕೊಡುವ ಡಾಕ್ಟರನ್ನು ಅವರ ಟೋಪಿಯ ಮೇಲಿರುವುದು ಬಾತುಕೋಳಿಯೋ ಹಂಸವೋ ಎಂದು ಕೇಳುತ್ತಿದ್ದಳು. ಅದೇ ಧ್ವನಿ. ಕಿವಿಯಲ್ಲಿ ಹಿಡಿದಿಟ್ಟುಕೊಂಡೆ.

ಕಾಯುವ ಕೋಣೆಯಲ್ಲಿ ಮೂವರೂ ಕೂತೆವು. ಒಮ್ಮೆ ಮಗ, ‘ಅಮ್ಮಾ, ಏನಾದ್ರೂ ಹೇಳು’ ಎಂದ. ನೀರಿನ ಬಾಟಲಿ ಅವನ ಕೈಗಿಟ್ಟೆ. ಸೊಸೆ ತನ್ನ ಶಾಲಿನ ಒಂದು ತುದಿ ನನ್ನ ಮಂಡಿಯ ಮೇಲೆ ಎಳೆದಳು, ಅಲ್ಲಿ ಚಳಿ ಇತ್ತು.

ಮಧ್ಯಾಹ್ನ ಕಳೆದ ಮೇಲೆ ಕಡ್ಡಿ ಡಾಕ್ಟರು ಬಂದರು. ಮುಖದ ಮೇಲೆ ಕನ್ನಡಕದ ಗುರುತು ಆಳವಾಗಿ ಕೂತಿತ್ತು. ಗಂಟು ಪೂರ್ತಿ ಬಂದಿದೆ. ರಕ್ತನಾಳ ಕ್ಷೇಮ. ಧ್ವನಿಯ ನರವನ್ನು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಿಡಿಸಿ ಉಳಿಸಿದ್ದಾರೆ, ಆದರೆ ಅದು ನಲುಗಿದೆ. ಧ್ವನಿ ಹೇಗೆ ಬರುತ್ತದೋ ಹೇಳಲಾರೆ ಎಂದರು. ಮಗ ಅವರ ಕೈ ಹಿಡಿದು, ಏನು ಹೇಳಬೇಕೋ ತಿಳಿಯದೆ, ‘ಮೂರನೇ ಮಹಡಿ ಲಿಫ್ಟು ನಾನು ಸರಿ ಮಾಡಿಕೊಡ್ತೀನಿ ಸಾರ್’ ಎಂದ.

ಸೆಪ್ಟೆಂಬರ್ 29, ಸೋಮವಾರ

ವಾರ್ಡಿನಲ್ಲಿ ಮಗುವಿನ ಹತ್ತಿರ ಒಬ್ಬರೇ ಇರಬೇಕು. ಇರಬೇಕಾದವಳು ಇದ್ದಾಳೆ, ನಾನು ಮನೆಯಲ್ಲಿದ್ದೇನೆ.

ಸಂಜೆ ಫೋನು ಬಂತು. ಎತ್ತಿ, ಹಳೆಯ ಅಭ್ಯಾಸದಂತೆ, ‘ಯಾರು ಬೇಕಾಗಿತ್ತು?’ ಎಂದೆ. ಆ ಕಡೆಯಿಂದ ಗಾಳಿ ಸೋರಿದಂಥ, ಒಡಕು ಧ್ವನಿ. ಗಂಡಸೋ ಹೆಂಗಸೋ ತಿಳಿಯಲಿಲ್ಲ. ಒಂದು ಕಾಲದಲ್ಲಿ ‘ಹಲೋ’ ಎಂದರೆ ಸಾಕು, ಯಾವ ಊರಿನ ಯಾರು ಎಂದು ಹೇಳುತ್ತಿದ್ದ ಕಿವಿ ಇದು. ರಾಂಗ್ ನಂಬರ್ ಎಂದು ಇಡಲಿದ್ದೆ.

ಅಷ್ಟರಲ್ಲಿ ಆ ಧ್ವನಿ ಹೇಳತೊಡಗಿತು. ಇಲ್ಲಿ ಐಸ್‌ಕ್ರೀಮ್ ಕೊಡುತ್ತಾರೆ, ಕೇಳಿದರೆ ಇನ್ನೊಂದು ಕೊಡುವುದಿಲ್ಲ, ಪಕ್ಕದ ಮಂಚದ ಹುಡುಗಿಗೆ ಕಾಲಿಗೆ ಪ್ಲಾಸ್ಟರು, ಅದರ ಮೇಲೆ ಎಲ್ಲರೂ ಹೆಸರು ಬರೆದಿದ್ದಾರೆ, ನನ್ನ ಕುತ್ತಿಗೆ ಮೇಲೆ ಯಾರೂ ಬರೆಯಲಿಲ್ಲ, ಅಜ್ಜಿ ಕೇಳಿಸ್ತಿದೆಯಾ, ನನ್ನ ಧ್ವನಿ ಕಪ್ಪೆ ಥರ ಇದೆ, ಕಡ್ಡಿ ಡಾಕ್ಟರು ಮತ್ತೆ ಹೇಳು ಮತ್ತೆ ಹೇಳು ಅಂತಾರೆ. ಎದುರಿನವರಿಗೆ ಉಸಿರೆತ್ತಲೂ ಬಿಡದ ಮಾತು. ಇನ್ಯಾರು ಇರಲು ಸಾಧ್ಯ?

ಧ್ವನಿ ಹೋಗಿದೆ, ಅವಳು ಎಲ್ಲೂ ಹೋಗಿಲ್ಲ. ನಾನು ‘ಹ್ಞೂಂ, ಹ್ಞೂಂ’ ಎನ್ನುತ್ತಾ ಕೇಳಿದೆ. ಕೊನೆಗೆ ಅವಳೇ, ‘ಅಜ್ಜಿ, ಯಾಕೆ ಮಾತಾಡ್ತಿಲ್ಲ?’ ಎಂದಳು. ಕೇಳುತ್ತಿದ್ದೇನೆ, ಹೇಳು ಎಂದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಫೋನಿನಲ್ಲಿ ಅದು ಕಾಣುವುದಿಲ್ಲ.

ಅಕ್ಟೋಬರ್ 6, ಸೋಮವಾರ

ತೆಗೆದ ಗಂಟಿನ ಪರೀಕ್ಷೆಯ ಫಲಿತಾಂಶ ಕೇಳಲು ಮೂವರೂ ಹೋದೆವು. ಡಾಕ್ಟರಮ್ಮ ಏನೂ ಹೇಳದೆ ನಮ್ಮನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ಜುಲೈನಲ್ಲಿ ಸೂಜಿಯಿಂದ ತೆಗೆದದ್ದು. ನೀಲಿ ನೀಲಿ ಚುಕ್ಕಿಗಳು, ಎಲ್ಲವೂ ಒಂದೇ ಥರ, ಒಂದರ ಮೇಲೊಂದು ಬಿದ್ದು, ರಾಗಿ ಚೆಲ್ಲಿದ ಹಾಗೆ. ಆಮೇಲೆ ಈಗ ತೆಗೆದದ್ದು. ಚುಕ್ಕಿಗಳು ಮಾಯ. ಅಗಲವಾದ, ಗುಲಾಬಿ ಬಣ್ಣದ ಕೋಶಗಳು, ನಡುನಡುವೆ ಹೊಳೆಯ ಅಲೆಯಂತೆ ಹರಿದ ಎಳೆಗಳು.

‘ಬೆಳೆದುಬಿಟ್ಟಿವೆ’ ಎಂದರು ಡಾಕ್ಟರಮ್ಮ. ಔಷಧಿಗೆ ಅಷ್ಟೂ ಸಾಯುತ್ತವೆ ಎಂದುಕೊಂಡಿದ್ದರು. ಸತ್ತವು ಸತ್ತವು, ಉಳಿದವು ಮರೆತ ಕೆಲಸ ನೆನಪಾದವರಂತೆ ಬೆಳೆದು ದೊಡ್ಡ ನರಕೋಶಗಳಾಗಿವೆ. ಬೆಳೆದವು ಮರಿ ಹಾಕುವುದಿಲ್ಲ, ಕೇಡು ಮಾಡುವುದಿಲ್ಲ. ಈ ಕ್ಯಾನ್ಸರ್ ಒಂದೊಂದು ಸಲ ಹೀಗೆ ಮಾಡುತ್ತದಂತೆ. ಯಾಕೆ ಎಂದು ಕೇಳಿದೆ. ‘ಪೂರ್ತಿ ಗೊತ್ತಿಲ್ಲ, ಅಜ್ಜಿ. ನಾನು ಇಷ್ಟು ವರ್ಷದಿಂದ ನೋಡ್ತಿದೀನಿ, ಪ್ರತಿ ಸಲವೂ ಎರಡೆರಡು ಸಲ ನೋಡ್ತೀನಿ’ ಎಂದರು. ಇನ್ನು ಔಷಧಿ ಬೇಡ. ಕೆಲವು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಬೇಕು ಅಷ್ಟೇ.

ಸೊಸೆ ಕಣ್ಣು ತೆಗೆಯದೆ ಆ ಗುಲಾಬಿಯನ್ನೇ ನೋಡುತ್ತಿದ್ದಳು. ‘ಈ ಬಣ್ಣ ನಮ್ಮ ಅಂಗಡಿಯಲ್ಲಿಲ್ಲ’ ಎಂದಳು. ಆಮೇಲೆ ಅಳತೊಡಗಿದಳು, ಜೋರಾಗಿ, ಲ್ಯಾಬಿನವರೆಲ್ಲ ತಿರುಗಿ ನೋಡುವಂತೆ. ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತುಕೊಂಡೆ.

ಅಕ್ಟೋಬರ್ 19, ಭಾನುವಾರ

ಪಾರ್ಕಿಗೆ ಹೋಗಿದ್ದೆವು, ನಾನು, ಸೊಸೆ, ರೇಡಿಯೊ. ಮಗ ಮೂರನೇ ಮಹಡಿಯ ಲಿಫ್ಟಿಗೆ ಎಣ್ಣೆ ಹಾಕಲು ಆಸ್ಪತ್ರೆಗೆ ಹೋಗಿದ್ದಾನೆ, ಬೇಡವೆಂದರೂ ಕೇಳಲಿಲ್ಲ.

ಮಗುವಿನ ತಲೆಯ ಮೇಲೆ ಹೊಸ ಕೂದಲು ಚಿಗುರಿದೆ. ಧ್ವನಿ ಕಪ್ಪೆಯದರಿಂದ ಸ್ವಲ್ಪ ಮೇಲಕ್ಕೆ ಬಂದಿದೆ, ಪೂರ್ತಿ ಬರಲು ತಿಂಗಳುಗಳು ಬೇಕಂತೆ, ಬರದೆಯೂ ಇರಬಹುದಂತೆ. ಅವಳಿಗೆ ಅದರ ಪರಿವೆಯಿಲ್ಲ. ಜಾರುಬಂಡೆಯಲ್ಲಿ ಸಿಕ್ಕ ಮಕ್ಕಳಿಗೆಲ್ಲ ಒಡಕು ಧ್ವನಿಯಲ್ಲೇ ಹುಕುಂ ಕೊಡುತ್ತಿದ್ದಳು, ಅವರೂ ಕೇಳುತ್ತಿದ್ದರು.

ಓಡಿ ಓಡಿ ನೀರು ಕುಡಿಯಲು ಬಂದಳು. ಮುಖದ ಬಲಕ್ಕೆ ಕೆಂಪು, ಎಡಕ್ಕೆ ಬಿಳುಪು, ನಡುವೆ ಆ ನೇರ ಗೆರೆ. ಅದನ್ನು ಕಂಡಾಗ ಮೊದಲಿನಂತೆ ಎದೆ ಧಸಕ್ಕೆನ್ನಲಿಲ್ಲ. ಎದೆಗೆ ಇಳಿದು, ತಿರುಗಿ ಹತ್ತಿ ಬರುತ್ತಿದ್ದ ಆ ಲೈನು ಈಗ ಅಲ್ಲಿಲ್ಲ. ಅದಿಲ್ಲದೆಯೂ ಅವಳು ಓಡುತ್ತಾಳೆ, ನೋಡುತ್ತಾಳೆ, ನಗುತ್ತಾಳೆ. ನೋಡುತ್ತಾ ಕೂತರೆ ಸಾಕು ಅನ್ನಿಸುತ್ತದೆ.

ಬೆಂಚಿನ ಆ ತುದಿಯಲ್ಲಿ ಕೂತಿದ್ದ ಹೆಂಗಸೊಬ್ಬರು ಮಗುವಿನ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ‘ಕಣ್ಣು ಥೇಟ್ ಅಜ್ಜಿದೇ, ಅಲ್ವಾ?’ ಎಂದರು.

ಸೊಸೆ ನನ್ನ ಕಡೆ ನೋಡಿದಳು.

‘ಅಲ್ಲ’ ಎಂದೆ. ‘ಅದು ಅವಳದೇ.’

ರೇಡಿಯೊ ಅವರ ಮುಂದೆ ನಿಂತು, ಕುತ್ತಿಗೆಯ ಗಾಯದ ಗೆರೆ ತೋರಿಸುತ್ತಾ, ಮೊದಲಿನಿಂದ ಕಥೆ ಹೇಳಲು ಶುರು ಮಾಡಿದಳು. ಮಿದುಳಿಂದ ಹೊರಟ ಲೈನು, ಫ್ರಿಜ್ಜಿನಲ್ಲಿಟ್ಟ ಡಬ್ಬ, ಬಾತುಕೋಳಿ ಟೋಪಿ, ಯಾವುದನ್ನೂ ಬಿಡಲಿಲ್ಲ. ಅಲ್ಲಲ್ಲಿ ತಪ್ಪು ಹೇಳುತ್ತಿದ್ದಳು. ನಾನು ತಿದ್ದಲಿಲ್ಲ. ಸೊಸೆ ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟಳು, ಇಬ್ಬರೂ ತಿನ್ನುತ್ತಾ ಕಥೆ ಮುಗಿಯುವವರೆಗೆ ಕೇಳಿದೆವು.